ಪಿಆರ್ ಮರ್ಜ್ ಆದರೂ ಇಶ್ಯೂ ಮುಚ್ಚುತ್ತಿಲ್ಲ, ಡಾಕ್ಸ್ ಹಳೆಯದೇ ಕಾಣುತ್ತಿದೆ

ಒತ್ತಕ್ಷರ:
ನುಡಿ, ಬರಹದ ಹಳೆಯ ಫಾಂಟುಗಳ ಪಠ್ಯವನ್ನು ಯೂನಿಕೋಡ್‌ಗೆ ತಿರುಗಿಸುವ ಪೈಥಾನ್ ಲೈಬ್ರರಿ, ಗಿಟ್‌ಹಬ್‌ನಲ್ಲಿದೆ. ಪ್ರತಿ ಪಿಆರ್ (ಪುಲ್ ರಿಕ್ವೆಸ್ಟ್, ಕೋಡ್ ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆ) ವಿವರಣೆಯಲ್ಲೂ ‘ಫಿಕ್ಸಸ್ #41’, ಅಂದರೆ 41ನೇ ಇಶ್ಯೂ (ದೋಷದ ದೂರು) ಸರಿಯಾಯಿತು ಅಂತ ಬರೆದೇ ಮರ್ಜ್ ಮಾಡುತ್ತೇವೆ (ಕೋಡ್‌ಗೆ ಸೇರಿಸುತ್ತೇವೆ). ಇಶ್ಯೂ ಮಾತ್ರ ತೆರೆದೇ ಇರುತ್ತದೆ. ಅರ್ಕಾವತ್ತಿನ ಜಾಗ ತಪ್ಪುತ್ತಿದ್ದದ್ದು ಸರಿಯಾಗಿದೆ, ಆದರೂ ಜನ ಅದನ್ನೇ ಮತ್ತೆ ಮತ್ತೆ ತಂದು ಹಾಕುತ್ತಿದ್ದಾರೆ. ನಮ್ಮ ಡಾಕ್ಸ್ (ಬಳಕೆಯ ಸೂಚನೆಗಳು) ಇರುವ ರೀಡ್ ದ ಡಾಕ್ಸ್ ತಾಣದ ‘ಲೇಟೆಸ್ಟ್’ನಲ್ಲೂ ಹಳೆಯ ಸೂಚನೆಗಳೇ. ದೂರು ತುಂಬಲು ಇಶ್ಯೂ ಫಾರ್ಮ್ ಹಾಕಿದೆ, ‘ನ್ಯೂ ಇಶ್ಯೂ’ ಒತ್ತಿದರೆ ಖಾಲಿ ಪೆಟ್ಟಿಗೆ ಬರುತ್ತದೆ. ಬಹಳ ದಿನ ಚಟುವಟಿಕೆ ಇಲ್ಲದ ಇಶ್ಯೂಗಳನ್ನು ತಾನಾಗಿ ಮುಚ್ಚುವ ಸ್ಟೇಲ್ ವರ್ಕ್‌ಫ್ಲೋ ಹಾಕಿದೆ, ಓಡುವುದೇ ಇಲ್ಲ. ಯಾಮಲ್ (ಸೆಟ್ಟಿಂಗ್ ಫೈಲುಗಳು) ಎಲ್ಲ ಸರಿಯಿದೆ, ಲಿಂಟರ್ (ತಪ್ಪು ಹುಡುಕುವ ಸಾಧನ) ಪಾಸ್. ತಲೆ ಕೆಟ್ಟುಹೋಗಿದೆ, ಯಾರಿಗಾದರೂ ಗೊತ್ತಿದ್ದರೆ ಹೇಳಿ.

ಕ್ರಾನ್_ಕಾಳಿಂಗ:
ಸ್ಟೇಲ್‌ಗೆ ‘ಇಶ್ಯೂಸ್: ರೈಟ್’ ಪರ್ಮಿಶನ್ ಕೊಟ್ಟಿದ್ದೀರಾ? ಅದಿಲ್ಲದಿದ್ದರೆ ಲೇಬಲ್ ಹಚ್ಚಲು ಆಗುವುದಿಲ್ಲ. ಇನ್ನೊಂದು, ಡಿಫಾಲ್ಟ್ ಆಗಿ 60 ದಿನ ಚಟುವಟಿಕೆ ಇಲ್ಲದಿದ್ದರೆ ಲೇಬಲ್, ಆಮೇಲೆ 7 ದಿನಕ್ಕೆ ಕ್ಲೋಸ್. ಒಂದು ಓಟಕ್ಕೆ 30 ಆಪರೇಶನ್ ಮಾತ್ರ. ಇಶ್ಯೂ ಜಾಸ್ತಿ ಇದ್ದರೆ ‘ಆಪರೇಶನ್ಸ್ ಪರ್ ರನ್’ ಏರಿಸಿ.

ಒತ್ತಕ್ಷರ:
ಪರ್ಮಿಶನ್ ಇದೆ. 200ಕ್ಕೆ ಏರಿಸಿದೆ. ಏನೂ ಆಗಲಿಲ್ಲ.

ಕ್ರಾನ್_ಕಾಳಿಂಗ:
ಹಾಗಾದರೆ ಶೆಡ್ಯೂಲೇ (ನಿಗದಿತ ಸಮಯಕ್ಕೆ ತಾನಾಗಿ ಓಡುವುದು) ನಿಂತಿರಬೇಕು. ಪಬ್ಲಿಕ್ ರೆಪೊದಲ್ಲಿ (ಕೋಡ್ ಇಟ್ಟಿರುವ ಜಾಗದಲ್ಲಿ) 60 ದಿನ ಯಾವ ಚಟುವಟಿಕೆಯೂ ಇಲ್ಲದಿದ್ದರೆ ಶೆಡ್ಯೂಲ್ ವರ್ಕ್‌ಫ್ಲೋ ತಾನಾಗಿ ಡಿಸೇಬಲ್ ಆಗುತ್ತದೆ. ಆಕ್ಷನ್ಸ್ ಟ್ಯಾಬ್‌ಗೆ ಹೋಗಿ ಎನೇಬಲ್ ಮಾಡಿ.

ಒತ್ತಕ್ಷರ:
ಚಟುವಟಿಕೆ ದಿನಾ ಇದೆ. ಆಕ್ಷನ್ಸ್ ಟ್ಯಾಬ್‌ನ ಪಟ್ಟಿಯಲ್ಲಿ ಸ್ಟೇಲ್ ಅನ್ನುವ ಹೆಸರೇ ಇಲ್ಲ.

ಮಲ್ನಾಡ್_ಮರ್ಜ್:
ಮಾರಾಯ್ರೆ, ಮೊದಲು ಆ ಸ್ಟೇಲ್ ಬಾಟನ್ನೇ ತೆಗೆಯಿರಿ. ಯಾರೋ ಕಷ್ಟಪಟ್ಟು ದೋಷ ಬರೆದು ಕೊಟ್ಟಿರುತ್ತಾರೆ, ಉತ್ತರ ಕೊಡದೆ ಬಾಟ್ ಕೈಲಿ ಮುಚ್ಚಿಸಿದರೆ ಅವರು ಇನ್ನೊಮ್ಮೆ ಬರುವುದಿಲ್ಲ. ದೋಷ ಹಳೆಯದಾದ ಮಾತ್ರಕ್ಕೆ ಸರಿಯಾಗುವುದಿಲ್ಲ.

ಕ್ರಾನ್_ಕಾಳಿಂಗ:
ಎಲ್ಲ ಇಶ್ಯೂಗೂ ಹಚ್ಚಿ ಅಂತ ಯಾರು ಹೇಳಿದರು? ‘ಓನ್ಲಿ ಲೇಬಲ್ಸ್’ ಕೊಟ್ಟು ‘ಮಾಹಿತಿ ಬೇಕು’ ಲೇಬಲ್ ಇರುವುದಕ್ಕೆ ಮಾತ್ರ ಓಡಿಸಿ. ನಾವು ಕೇಳಿದ್ದಕ್ಕೆ ಉತ್ತರ ಬರದ ಇಶ್ಯೂ ಮಾತ್ರ ಮುಚ್ಚುತ್ತದೆ. ಖಚಿತವಾದ ದೋಷಗಳನ್ನು ‘ಎಕ್ಸೆಂಪ್ಟ್ ಇಶ್ಯೂ ಲೇಬಲ್ಸ್’ನಲ್ಲಿ ಇಡಿ.

ಮಲ್ನಾಡ್_ಮರ್ಜ್:
ಆ ಲೇಬಲ್ ಹಚ್ಚಲು ಯಾರಾದರೂ ಓದಲೇಬೇಕಲ್ಲ? ಓದಿದವರೇ ಮುಚ್ಚಬಹುದು. ಒತ್ತಕ್ಷರ ಅವರೆ, ಸೆಟ್ಟಿಂಗ್ಸ್, ಜನರಲ್ ಪುಟದಲ್ಲಿ ‘ಮರ್ಜ್ ಆದ ಪಿಆರ್‌ಗೆ ಲಿಂಕ್ ಆದ ಇಶ್ಯೂ ತಾನಾಗಿ ಮುಚ್ಚು’ ಎನ್ನುವ ಆಯ್ಕೆ ಇದೆ. ಟಿಕ್ ಹೋಗಿದೆಯಾ ನೋಡಿ.

ಒತ್ತಕ್ಷರ:
ಟಿಕ್ ಇದೆ. ಇಶ್ಯೂ ಪುಟದ ಬಲಗಡೆ ‘ಡೆವಲಪ್‌ಮೆಂಟ್’ ಜಾಗ ಮಾತ್ರ ಖಾಲಿ. ಪಿಆರ್ ಹೆಸರು ಅಲ್ಲಿ ಬರುವುದೇ ಇಲ್ಲ.


 

ಬೇಸ್‌ಬ್ರಾಂಚ್:
ಒಂದು ನಿಮಿಷ. ಪಿಆರ್‌ಗಳು ಯಾವ ಬ್ರಾಂಚಿಗೆ (ಕೋಡಿನ ಕವಲಿಗೆ) ಮರ್ಜ್ ಆಗುತ್ತಿವೆ? ಡಿಫಾಲ್ಟ್ (ರೆಪೊದ ಮುಖ್ಯ) ಬ್ರಾಂಚ್ ಯಾವುದು?

ಒತ್ತಕ್ಷರ:
ಕೆಲಸವೆಲ್ಲ ‘ಡೆವಲಪ್’ನಲ್ಲಿ. ಡಿಫಾಲ್ಟ್ ‘ಮೇನ್’. ಬಿಡುಗಡೆ ಮಾಡುವಾಗ ಮಾತ್ರ ಮೇನ್‌ಗೆ ಹಾಕುತ್ತೇವೆ. ಎಲ್ಲರೂ ಹೀಗೇ ಅಲ್ಲವಾ?

ಬೇಸ್‌ಬ್ರಾಂಚ್:
ನಿಮ್ಮ ನಾಲ್ಕೂ ತೊಂದರೆಗೆ ಕಾರಣ ಅದೇ. ಫಿಕ್ಸಸ್, ಕ್ಲೋಸಸ್, ರಿಸಾಲ್ವ್ಸ್ ಪದಗಳಿಗೆ ಬೆಲೆ ಇರುವುದು ಪಿಆರ್‌ನ ಬೇಸ್ (ಅದು ಸೇರಬೇಕಾದ ಬ್ರಾಂಚ್) ಡಿಫಾಲ್ಟ್ ಬ್ರಾಂಚ್ ಆಗಿದ್ದರೆ ಮಾತ್ರ. ಬೇರೆ ಬ್ರಾಂಚ್ ಆದರೆ ಲಿಂಕ್ ಕೂಡ ಹುಟ್ಟುವುದಿಲ್ಲ, ಅದಕ್ಕೇ ಡೆವಲಪ್‌ಮೆಂಟ್ ಜಾಗ ಖಾಲಿ. ಇಶ್ಯೂ ಫಾರ್ಮನ್ನು ಗಿಟ್‌ಹಬ್ ಡಿಫಾಲ್ಟ್ ಬ್ರಾಂಚಿನಿಂದಲೇ ಓದುತ್ತದೆ. ಶೆಡ್ಯೂಲ್ ಓಡುವುದೂ ಅಲ್ಲಿರುವ ಫೈಲಿನಿಂದಲೇ. ರೀಡ್ ದ ಡಾಕ್ಸ್‌ನ ‘ಲೇಟೆಸ್ಟ್’ ಕೂಡ, ನೀವು ಬದಲಿಸದಿದ್ದರೆ, ಡಿಫಾಲ್ಟ್ ಬ್ರಾಂಚನ್ನೇ ಬಿಲ್ಡ್ ಮಾಡುತ್ತದೆ.

ಕ್ರಾನ್_ಕಾಳಿಂಗ:
ಹಾಗಾದರೆ ಡಿಫಾಲ್ಟನ್ನು ಡೆವಲಪ್ ಮಾಡಿಬಿಡಿ, ಮುಗಿಯಿತು.

ಬೇಸ್‌ಬ್ರಾಂಚ್:
ಅವಸರ ಬೇಡ. ರೆಪೊ ವಿಳಾಸ ಕೊಟ್ಟು ನೇರ ಪಿಪ್ (ಪೈಥಾನ್ ಲೈಬ್ರರಿ ಹಾಕುವ ಸಾಧನ) ಇನ್‌ಸ್ಟಾಲ್ ಮಾಡುವವರಿಗೆ ಆಮೇಲೆ ಅರ್ಧ ಬೆಂದ ಕೋಡ್ ಸಿಗುತ್ತದೆ. ಈಗಾಗಲೇ ತೆರೆದಿರುವ ಪಿಆರ್‌ಗಳ ಬೇಸ್ ಕೂಡ ತಾನಾಗಿ ಬದಲಾಗುವುದಿಲ್ಲ. ಇನ್ನೂ ಮುಖ್ಯ, ಡೆವಲಪ್‌ಗೆ ಹೋದ ತಕ್ಷಣ ಇಶ್ಯೂ ಮುಚ್ಚಿದರೆ ದೋಷ ಹೇಳಿದವರು ಪಿಪ್ ಅಪ್‌ಗ್ರೇಡ್ ಮಾಡಿ ನೋಡುತ್ತಾರೆ, ದೋಷ ಅಲ್ಲೇ ಇರುತ್ತದೆ, ಹೊಸ ಇಶ್ಯೂ ತೆರೆಯುತ್ತಾರೆ. ಬಳಸುವವರ ಕೈಗೆ ತಲುಪಿದಾಗ ಇಶ್ಯೂ ಮುಚ್ಚುವುದೇ ಸರಿ.

ಮೇನ್ ಡಿಫಾಲ್ಟ್ ಆಗಿಯೇ ಇರಲಿ. ಮೊದಲು ಇಶ್ಯೂ ಫಾರ್ಮ್, ವರ್ಕ್‌ಫ್ಲೋ ಫೈಲುಗಳನ್ನು ಮಾತ್ರ ಪ್ರತ್ಯೇಕ ಪಿಆರ್‌ನಲ್ಲಿ ಮೇನ್‌ಗೆ ಹಾಕಿ. ಆಮೇಲೆ ಸೆಟ್ಟಿಂಗ್ಸ್‌ನ ಪುಲ್ ರಿಕ್ವೆಸ್ಟ್ ಭಾಗದಲ್ಲಿ ಸ್ಕ್ವಾಶ್ ಮರ್ಜ್‌ನ (ಹಲವು ಕಾಮಿಟ್, ಅಂದರೆ ದಾಖಲಾದ ಬದಲಾವಣೆಗಳನ್ನು ಒಂದೇ ಮಾಡಿ ಸೇರಿಸುವುದು) ಡಿಫಾಲ್ಟ್ ಸಂದೇಶವನ್ನು ‘ಪಿಆರ್ ಶೀರ್ಷಿಕೆ ಮತ್ತು ವಿವರಣೆ’ ಮಾಡಿ. ಆಗ ‘ಫಿಕ್ಸಸ್ #41’ ಕಾಮಿಟ್ ಸಂದೇಶಕ್ಕೇ ಇಳಿಯುತ್ತದೆ. ಬಿಡುಗಡೆಯ ದಿನ ಡೆವಲಪನ್ನು ಮೇನ್‌ಗೆ ತರುವಾಗ ಸ್ಕ್ವಾಶ್ ಬೇಡ, ಎಲ್ಲ ಕಾಮಿಟ್‌ಗಳನ್ನೂ ಹಾಗೇ ಉಳಿಸುವ ಮರ್ಜ್ ಕಾಮಿಟ್ ಮಾಡಿ. ಆ ಕಾಮಿಟ್‌ಗಳು ಮೇನ್ ಮುಟ್ಟಿದ ಕೂಡಲೇ ಇಶ್ಯೂಗಳು ಮುಚ್ಚುತ್ತವೆ. ಸ್ಕ್ವಾಶ್ ಮಾಡಲೇಬೇಕಿದ್ದರೆ ಬಿಡುಗಡೆಯ ಪಿಆರ್ ವಿವರಣೆಯಲ್ಲಿ ಎಲ್ಲವನ್ನೂ ಬರೆಯಿರಿ. ‘ಫಿಕ್ಸಸ್ #41, #52’ ಅಂತ ಬರೆದರೆ ಮೊದಲನೆಯದು ಮಾತ್ರ ಮುಚ್ಚುತ್ತದೆ, ಪ್ರತಿ ಸಂಖ್ಯೆಯ ಹಿಂದೆಯೂ ಫಿಕ್ಸಸ್ ಬೇಕು. ಅಲ್ಲಿಯವರೆಗೆ ‘ಮುಂದಿನ ಬಿಡುಗಡೆಯಲ್ಲಿ’ ಅನ್ನುವ ಲೇಬಲ್ ಹಚ್ಚಿಡಿ, ನೋಡಿದವರಿಗೆ ತಿಳಿಯುತ್ತದೆ.

ಡಾಕ್ಸ್‌ಗೆ ರೀಡ್ ದ ಡಾಕ್ಸ್ ಸೆಟ್ಟಿಂಗ್ಸ್‌ನಲ್ಲೇ ಡಿಫಾಲ್ಟ್ ಬ್ರಾಂಚನ್ನು ಡೆವಲಪ್ ಮಾಡಿ, ಡಿಫಾಲ್ಟ್ ವರ್ಶನ್ ‘ಸ್ಟೇಬಲ್’ ಇರಲಿ. ಅದಕ್ಕೆ ಬಿಡುಗಡೆಗಳಿಗೆ ಟ್ಯಾಗ್ (ಆವೃತ್ತಿಯ ಗುರುತು) ಹಾಕಿರಬೇಕು. ವಿಳಾಸ ಹೊಡೆದು ಬಂದವರಿಗೆ ಬಿಡುಗಡೆಯಾದ ಆವೃತ್ತಿಯ ಪುಟ ಕಾಣುತ್ತದೆ, ಕೋಡ್ ಬರೆಯುವವರು ಲೇಟೆಸ್ಟ್ ನೋಡಲಿ.

ಒತ್ತಕ್ಷರ:
ಫಾರ್ಮ್ ಬಂತು! ಆಕ್ಷನ್ಸ್ ಪಟ್ಟಿಯಲ್ಲಿ ಸ್ಟೇಲ್ ಕೂಡ ಕಾಣುತ್ತಿದೆ. ತುಂಬಾ ಉಪಕಾರವಾಯಿತು ಸರ್. ಹಳೆಯ ಪಿಆರ್‌ಗಳಿಂದ ಸರಿಹೋದ ಇಶ್ಯೂಗಳನ್ನು ಹುಡುಕುವುದು ಹೇಗೆ? ಲಿಂಕ್ಡ್ ಫಿಲ್ಟರ್‌ನಲ್ಲಿ ಏನೂ ಸಿಗುತ್ತಿಲ್ಲ.

ಬೇಸ್‌ಬ್ರಾಂಚ್:
ಲಿಂಕೇ ಹುಟ್ಟಿಲ್ಲವಲ್ಲ, ಸಿಗುವುದಿಲ್ಲ. ಪಿಆರ್ ಕಡೆಯಿಂದ ಹುಡುಕಿ: ‘ಈಸ್:ಮರ್ಜ್ಡ್ ಬೇಸ್:ಡೆವಲಪ್ ಫಿಕ್ಸಸ್ ಇನ್:ಬಾಡಿ’, ಇಂಗ್ಲಿಷ್ ಅಕ್ಷರದಲ್ಲಿ. ಬಂದ ಪ್ರತಿಯೊಂದರ ಇಶ್ಯೂ ತೆರೆದು, ಯಾವ ಆವೃತ್ತಿಯಲ್ಲಿ ಸರಿಯಾಯಿತು ಅಂತ ಒಂದು ಸಾಲು ಬರೆದು ಕೈಯಾರೆ ಮುಚ್ಚಿ. ಅದೇ ದೋಷದ ನಕಲುಗಳನ್ನು ‘ಡುಪ್ಲಿಕೇಟ್’ ಕಾರಣ ಕೊಟ್ಟು ಮುಚ್ಚಿ.

ಮಲ್ನಾಡ್_ಮರ್ಜ್:
ಫಾರ್ಮ್‌ನಲ್ಲಿ ಮೂಲ ಪಠ್ಯದ ಪೆಟ್ಟಿಗೆಗೆ ‘ರೆಂಡರ್: ಟೆಕ್ಸ್ಟ್’ ಹಾಕಲು ಮರೆಯಬೇಡಿ. ಇಲ್ಲದಿದ್ದರೆ ಹಳೆಯ ಫಾಂಟ್ ಪಠ್ಯದ ಕೆಲವು ಚಿಹ್ನೆಗಳನ್ನು ಮಾರ್ಕ್‌ಡೌನ್ (ಚಿಹ್ನೆಗಳಿಂದ ಪಠ್ಯದ ರೂಪ ಬದಲಿಸುವ ಬರವಣಿಗೆ ವಿಧಾನ) ನುಂಗಿಬಿಡುತ್ತದೆ, ಆಮೇಲೆ ದೋಷ ಮರುಕಳಿಸಿ ನೋಡಲು ಆಗುವುದಿಲ್ಲ. ಫಾಂಟ್ ಹೆಸರು, ಲೈಬ್ರರಿ ಆವೃತ್ತಿ, ಬರಬೇಕಿದ್ದ ಯೂನಿಕೋಡ್ ಪಠ್ಯ, ಈ ಮೂರೂ ಕಡ್ಡಾಯ ಮಾಡಿ. ಖಾಲಿ ಇಶ್ಯೂ ಬರದಂತೆ ಅದೇ ಫೋಲ್ಡರಿನ ಕಾನ್ಫಿಗ್ ಫೈಲಿನಲ್ಲಿ ‘ಬ್ಲ್ಯಾಂಕ್ ಇಶ್ಯೂಸ್ ಎನೇಬಲ್ಡ್: ಫಾಲ್ಸ್’ ಕೊಡಿ. ಸ್ಟೇಲ್ ಬಾಟ್ ಬಗ್ಗೆ ನನ್ನ ಮಾತು ಬದಲಾಗಿಲ್ಲ.

ಕ್ರಾನ್_ಕಾಳಿಂಗ:
ಅದಕ್ಕೆ ಬೇರೆ ಚರ್ಚೆ ತೆರೆದಿದ್ದೇನೆ, ಅಲ್ಲಿಗೆ ಬನ್ನಿ.