ಹಾಲು ಕಕ್ಕುವ ಕೂಸು: ಎದೆಹಾಲು ನಿಲ್ಲಿಸಬೇಕಾ ಮೇಡಂ?

ಪ್ರಶ್ನೆ (ಮಂಡ್ಯ ಜಿಲ್ಲೆಯ ಒಬ್ಬ ತಾಯಿ):

ನಮಸ್ತೆ ಮೇಡಂ. ನನ್ನ ಮಗನಿಗೆ ಒಂಬತ್ತು ವಾರ. ಬಾಣಂತನಕ್ಕೆ ತವರಿಗೆ ಬಂದಿದ್ದೇನೆ, ಮದ್ದೂರಿನ ಹತ್ತಿರ ಹಳ್ಳಿ. ಬರೀ ಎದೆಹಾಲು ಕೊಡುತ್ತಿದ್ದೇನೆ. ಮೂರನೇ ವಾರದಿಂದ ಶುರುವಾಯಿತು, ಕುಡಿದಿದ್ದನ್ನೆಲ್ಲ ಕಕ್ಕುತ್ತಾನೆ. ದಿನಕ್ಕೆ ಆರೇಳು ಸಲ. ಒಂದೊಂದು ಸಲ ಹಾಲು ಹಾಗೇ ಬರುತ್ತದೆ, ಒಂದೊಂದು ಸಲ ಮೊಸರಿನ ಹಾಗೆ ಗಟ್ಟಿ ಗಟ್ಟಿ. ಹೆಗಲ ಮೇಲೆ ಹಾಕಿಕೊಂಡರೆ ನನ್ನ ನೈಟಿ ಬೆನ್ನವರೆಗೂ ಒದ್ದೆ. ಕಕ್ಕಿದ ಮೇಲೆ ಮಾತ್ರ ಏನೂ ಆಗಿಲ್ಲ ಅನ್ನೋ ಹಾಗೆ ನಗುತ್ತಾನೆ. ನಮ್ಮವ್ವ "ನಿನ್ನ ಹಾಲು ಕೂಸಿಗೆ ಒಗ್ಗುತ್ತಿಲ್ಲ, ಡಬ್ಬಿ ಹಾಲು ತರಿಸು" ಅನ್ನುತ್ತಾಳೆ. ಮೆಡಿಕಲ್ ಸ್ಟೋರಿನವರೂ ಒಂದು ಡಬ್ಬಿ ತೋರಿಸಿದರು. ರಾತ್ರಿ ಭಯಕ್ಕೆ ನಿದ್ದೆ ಬರಲ್ಲ. ಎದೆಹಾಲು ನಿಲ್ಲಿಸಬೇಕಾ?

ಉತ್ತರ (ಮಕ್ಕಳ ವೈದ್ಯೆ, ಮೈಸೂರು):

ನಿಲ್ಲಿಸಬೇಡಿ ಅಮ್ಮ. ಮೊದಲು ಇದನ್ನು ಹೇಳಿಬಿಡುತ್ತೇನೆ, ಆಮೇಲೆ ಮಿಕ್ಕಿದ್ದು.

ನಿಮ್ಮ ಹಾಲಿನಲ್ಲಿ ಏನೂ ಕೆಟ್ಟದ್ದಿಲ್ಲ. ಅನ್ನನಾಳ ಹೊಟ್ಟೆಗೆ ಸೇರುವ ಜಾಗದಲ್ಲಿ ಒಂದು ಸ್ನಾಯುವಿನ ಬಳೆ ಇರುತ್ತದೆ. ನಾವು ನುಂಗಿದಾಗ ತೆರೆದುಕೊಂಡು, ಆಮೇಲೆ ಬಿಗಿಯಾಗಿ ಮುಚ್ಚಿಕೊಳ್ಳಬೇಕು. ಎಳೆ ಮಕ್ಕಳಲ್ಲಿ ಅದು ಆಗಾಗ ಸಡಿಲಾಗುತ್ತದೆ. ಕುಡಿಯುವುದು ಬರೀ ಹಾಲು, ಇಡೀ ದಿನ ಮಲಗಿಯೇ ಇರುತ್ತಾರೆ, ಹೊಟ್ಟೆಯೂ ಪುಟ್ಟದು. ಅದಕ್ಕೆ ಹಾಲು ಮೇಲೆ ಬರುತ್ತದೆ. ಇದನ್ನೇ ನಾವು ರಿಫ್ಲಕ್ಸ್ ಅನ್ನುವುದು. ಹತ್ತು ಎಳೆ ಮಕ್ಕಳಲ್ಲಿ ನಾಲ್ಕು ಮಕ್ಕಳಾದರೂ ಹೀಗೆ ಕಕ್ಕುತ್ತವೆ. ಸಾಮಾನ್ಯವಾಗಿ ಎಂಟು ವಾರದೊಳಗೆ ಶುರುವಾಗುತ್ತದೆ, ನಾಲ್ಕನೇ ತಿಂಗಳ ಹೊತ್ತಿಗೆ ಜೋರಾಗಿರುತ್ತದೆ. ಮಗು ಕೂರುವುದಕ್ಕೆ ಕಲಿತ ಮೇಲೆ ಇಳಿಯುತ್ತಾ ಬರುತ್ತದೆ. ವರ್ಷ ತುಂಬುವುದರೊಳಗೆ ಹತ್ತರಲ್ಲಿ ಒಂಬತ್ತು ಮಕ್ಕಳಿಗೆ ನಿಂತೇ ಹೋಗುತ್ತದೆ.

ಮೊಸರಿನ ಹಾಗೆ ಬಂದರೆ ಹಾಲು ಹೊಟ್ಟೆಯ ಆಮ್ಲದಲ್ಲಿ ಒಡೆದಿದೆ ಅಂತ ಅರ್ಥ, ಅಷ್ಟೇ. ಅಜೀರ್ಣ ಅಲ್ಲ.

"ಕುಡಿದಿದ್ದನ್ನೆಲ್ಲ ಕಕ್ಕುತ್ತಾನೆ" ಅಂದಿರಿ. ಈವತ್ತೇ ಒಂದು ಕೆಲಸ ಮಾಡಿ, ಅವ್ವನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಒಣಗಿದ ಟವೆಲ್ ಹಾಸಿ, ಅದರ ಮೇಲೆ ಎರಡು ಟೀ ಚಮಚ ಹಸುವಿನ ಹಾಲು ಸುರಿಯಿರಿ. 10 ಮಿಲಿ ಅಷ್ಟೇ. ಅದು ಅಂಗೈಗಿಂತ ಅಗಲ ಹರಡಿಕೊಳ್ಳುತ್ತದೆ. ನೋಡಿದವರು "ಅಯ್ಯೋ, ಇಷ್ಟೊಂದಾ" ಅನ್ನುತ್ತಾರೆ. ನಿಮ್ಮ ಮಗ ಒಂದು ಹೊತ್ತಿಗೆ ಕುಡಿಯುವುದು ಇದರ ಎಂಟು ಹತ್ತರಷ್ಟು. ನನ್ನ ಕ್ಲಿನಿಕ್ಕಿನಲ್ಲಿ ಮೇಜಿನ ಮೇಲೆ ಒಂದು ಟವೆಲ್ ಇದಕ್ಕೇ ಇಟ್ಟಿದ್ದೇನೆ. ಎಷ್ಟೋ ಅಜ್ಜಿಯಂದಿರು ಅದನ್ನು ನೋಡಿದ ಮೇಲೆಯೇ ಸಮಾಧಾನವಾಗಿದ್ದಾರೆ.

ಬಟ್ಟೆ ನೋಡಿ ಲೆಕ್ಕ ಹಾಕಬೇಡಿ. ಮಗುವಿನ ತೂಕ ನೋಡಿ, ಉಚ್ಚೆ ನೋಡಿ. ದಿನಕ್ಕೆ ಆರು ಸಲಕ್ಕಿಂತ ಜಾಸ್ತಿ ಚೆನ್ನಾಗಿ ಉಚ್ಚೆ ಹೊಯ್ಯುತ್ತಾನಾ? ಆರನೇ ವಾರದ ಲಸಿಕೆ ಹಾಕಿಸಿದಾಗ ತಾಯಿ ಕಾರ್ಡಿನಲ್ಲಿ ತೂಕ ಬರೆದಿರುತ್ತಾರೆ. ಅದನ್ನು ನೋಡಿ, ನಾಳೆ ಅದೇ ತಕ್ಕಡಿಯಲ್ಲಿ, ಬಟ್ಟೆ ಬಿಚ್ಚಿ, ಇನ್ನೊಂದು ಸಲ ತೂಕ ಹಾಕಿಸಿ ಇಲ್ಲಿ ಬರೆಯಿರಿ. ಆಶಾ ಕಾರ್ಯಕರ್ತೆಯರನ್ನು ಕೇಳಿದರೆ ಸಹಾಯ ಮಾಡುತ್ತಾರೆ.

ಡಬ್ಬಿ ಹಾಲಿನ ವಿಷಯ. ಎದೆಹಾಲು ಹೊಟ್ಟೆಯಿಂದ ಬೇಗ ಮುಂದೆ ಹೋಗುತ್ತದೆ, ಡಬ್ಬಿ ಹಾಲು ಹೆಚ್ಚು ಹೊತ್ತು ನಿಲ್ಲುತ್ತದೆ. ಅಂದಮೇಲೆ ಕಕ್ಕುವ ಮಗುವಿಗೆ ಎದೆಹಾಲೇ ಒಳ್ಳೆಯದು. ನಮ್ಮ ದೇಶದಲ್ಲಿ ಡಬ್ಬಿ ಹಾಲಿನ ಜಾಹೀರಾತು ಮಾಡುವುದಕ್ಕೇ 1992ರ ಒಂದು ಕಾನೂನಿನ ಅಡ್ಡಿ ಇದೆ. ಅಷ್ಟು ಯೋಚನೆ ಮಾಡಿ ತಂದ ಕಾನೂನು ಇದ್ದರೂ ಅಂಗಡಿಯಲ್ಲಿ ಬಾಣಂತಿಗೆ ಡಬ್ಬಿ ತೋರಿಸುತ್ತಾರೆ ಅನ್ನುವುದು ನನಗೆ ನಿಜಕ್ಕೂ ಸಂಕಟ.

ಮರುಪ್ರಶ್ನೆ (ಅದೇ ತಾಯಿ, ಮಾರನೇ ದಿನ):

ಮೇಡಂ, ತೂಕ ಹಾಕಿಸಿದೆ. ಹುಟ್ಟಿದಾಗ 2 ಕೆಜಿ 900 ಗ್ರಾಂ. ಆರನೇ ವಾರಕ್ಕೆ 4 ಕೆಜಿ 100. ಈಗ 4 ಕೆಜಿ 700. ಉಚ್ಚೆ ಎಂಟು ಒಂಬತ್ತು ಸಲ. ಟವೆಲ್ ಮೇಲೆ ಹಾಲು ಸುರಿದೂ ತೋರಿಸಿದೆ, ಅವ್ವ ಸುಮ್ನಾದಳು. ಇನ್ನೊಂದು ಹೇಳುವುದು ಮರೆತಿದ್ದೆ. ಎದೆಗೆ ಹಾಕಿದ ಒಂದೆರಡು ನಿಮಿಷಕ್ಕೆ ಕೆಮ್ಮಿ, ಗುಟುಕು ಸಿಕ್ಕಿಕೊಂಡ ಹಾಗೆ ಮಾಡಿ ಬಾಯಿ ಬಿಟ್ಟುಬಿಡುತ್ತಾನೆ. ಆಗ ಹಾಲು ಮುಖಕ್ಕೆಲ್ಲ ಚಿಮ್ಮುತ್ತದೆ.

ಉತ್ತರ:

ಮೂರು ವಾರಕ್ಕೆ 600 ಗ್ರಾಂ, ಅಂದರೆ ದಿನಕ್ಕೆ 28 ಗ್ರಾಂ ಹತ್ತಿರ. ಮೊದಲ ಮೂರು ತಿಂಗಳು ದಿನಕ್ಕೆ 25ರಿಂದ 30 ಗ್ರಾಂ ಏರಿದರೆ ತುಂಬಾ ಚೆನ್ನಾಗಿದೆ ಅಂತ. ನಿಮ್ಮ ಹಾಲು ಅವನಿಗೆ ಒಗ್ಗಿದೆ ಅಮ್ಮ. ಈವತ್ತು ನಿದ್ದೆ ಮಾಡಿ.

ಕೆಮ್ಮುವ ವಿಷಯ ಬರೆದಿದ್ದು ಒಳ್ಳೆಯದಾಯಿತು, ಕಾರಣ ಅಲ್ಲೇ ಇದೆ ಅನ್ನಿಸುತ್ತದೆ. ಹಸು ಸೊರೆ ಬಿಡುತ್ತದೆ ಅಂತೀವಲ್ಲ, ತಾಯಿಗೂ ಹಾಗೇ. ಮಗು ಸ್ವಲ್ಪ ಹೊತ್ತು ಚೀಪಿದ ಮೇಲೆ ಹಾಲು ಒಮ್ಮೆಗೇ ಇಳಿಯುತ್ತದೆ. ನಿಮಗೆ ಅದು ಜೋರಾಗಿ ಇಳಿಯುತ್ತಿದೆ. ಮಗು ಗಟಗಟ ನುಂಗುವಾಗ ಗಾಳಿಯನ್ನೂ ನುಂಗುತ್ತದೆ. ಹೊಟ್ಟೆ ಉಬ್ಬಿ, ಗಾಳಿ ಮೇಲೆ ಬರುವಾಗ ಹಾಲನ್ನೂ ಎಳೆದುಕೊಂಡು ಬರುತ್ತದೆ.

ಹೀಗೆ ಮಾಡಿ. ನೆಟ್ಟಗೆ ಕೂತು, ಮುಂದೆ ಬಗ್ಗಿ ಕುಡಿಸಬೇಡಿ. ಗೋಡೆಗೆ ಎರಡು ದಿಂಬು ಇಟ್ಟು ಅರ್ಧ ಒರಗಿಕೊಳ್ಳಿ. ಮಗುವನ್ನು ನಿಮ್ಮ ಎದೆಯ ಮೇಲೆ ಬೋರಲು ಹಾಕಿಕೊಂಡು ಕುಡಿಸಿ. ಅವನ ಬಾಯಿ ಮೇಲೆ, ಎದೆ ಕೆಳಗೆ. ಆಗ ಹಾಲು ಮೇಲಕ್ಕೆ ಏರಬೇಕು, ರಭಸ ಕಡಿಮೆಯಾಗುತ್ತದೆ. ಹಾಲು ಇಳಿಯುವಾಗ ಎದೆಯಲ್ಲಿ ಜುಮ್ ಅನ್ನುತ್ತದೆ, ನಿಮಗೆ ಗೊತ್ತಾಗುತ್ತದೆ. ಆಗ ಒಂದು ಕ್ಷಣ ಮಗುವನ್ನು ಬಿಡಿಸಿ ಮೊದಲ ಚಿಮ್ಮು ಬಟ್ಟೆಗೆ ಹೋಗಲಿ. ಬಿಡಿಸುವಾಗ ಎಳೆಯಬೇಡಿ, ಕಿರುಬೆರಳನ್ನು ಬಾಯಿಯ ಮೂಲೆಗೆ ಮೆಲ್ಲಗೆ ತೂರಿಸಿ. ಒಂದು ಎದೆ ಪೂರ್ತಿ ಖಾಲಿಯಾಗುವವರೆಗೂ ಅದೇ ಕಡೆ ಕುಡಿಯಲಿ, ಇನ್ನೂ ಬೇಕು ಅಂದರೆ ಮಾತ್ರ ಇನ್ನೊಂದು ಕಡೆ.

ಬಾಯಿ ಹಿಡಿಯುವುದನ್ನೂ ಗಮನಿಸಿ. ಬರೀ ತೊಟ್ಟು ಚೀಪಿದರೆ ಚಪ್ ಚಪ್ ಅಂತ ಶಬ್ದ ಬರುತ್ತದೆ, ಗಾಳಿ ಹೋಗುತ್ತದೆ. ತೊಟ್ಟಿನ ಸುತ್ತಲ ಕಪ್ಪು ಭಾಗವೂ ಬಾಯೊಳಗೆ ಹೋಗಬೇಕು, ಕೆಳತುಟಿ ಹೊರಕ್ಕೆ ಮಡಚಿರಬೇಕು, ಗಲ್ಲ ನಿಮ್ಮ ಎದೆಗೆ ತಾಗಿರಬೇಕು.

ತೇಗು ಬರಿಸುವಾಗ ಬೆನ್ನಿಗೆ ಜೋರಾಗಿ ತಟ್ಟುವವರೇ ಜಾಸ್ತಿ, ಬೇಡ. ತೊಡೆಯ ಮೇಲೆ ಕೂರಿಸಿ, ನಿಮ್ಮ ಒಂದು ಕೈಯ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಅವನ ದವಡೆ ನಿಲ್ಲಲಿ, ಗಂಟಲಿಗೆ ಒತ್ತಬಾರದು. ಇನ್ನೊಂದು ಕೈಯಿಂದ ಸೊಂಟದಿಂದ ಮೇಲಕ್ಕೆ ಬೆನ್ನು ಸವರಿ. ಐದು ನಿಮಿಷವಾದರೂ ಬರಲಿಲ್ಲ ಅಂದರೆ ಬಿಡಿ, ಎಲ್ಲ ಸಲವೂ ತೇಗಲೇಬೇಕು ಅಂತಿಲ್ಲ. ಆಮೇಲೆ ಇಪ್ಪತ್ತು ಮೂವತ್ತು ನಿಮಿಷ ಎದೆಗೆ ಒರಗಿಸಿಕೊಂಡು ನೆಟ್ಟಗೆ ಇಟ್ಟುಕೊಳ್ಳಿ. ಇದಕ್ಕೆ ನಿಮ್ಮವ್ವನ ಹೆಗಲಿಗಿಂತ ಒಳ್ಳೆಯ ಜಾಗ ಇಲ್ಲ.

ಎಣ್ಣೆ ನೀರು ಯಾವಾಗ ಹಾಕುತ್ತಾರೆ? ಹಾಲು ಕುಡಿದ ತಕ್ಷಣ ಕಾಲ ಮೇಲೆ ಬೋರಲು ಹಾಕಿಕೊಂಡು ಉಜ್ಜಿದರೆ ಯಾವ ಮಗುವಾದರೂ ಕಕ್ಕುತ್ತದೆ. ಕುಡಿಸುವುದಕ್ಕೆ ಮುಂಚೆ ನೀರು ಹಾಕಲಿ. ಡೈಪರಿನ ಎಲಾಸ್ಟಿಕ್, ಉಡಿದಾರ, ಸುತ್ತುವ ಬಟ್ಟೆ, ಇವು ಹೊಟ್ಟೆಗೆ ಬಿಗಿಯಾಗಿವೆಯಾ ನೋಡಿ. ಎರಡು ಬೆರಳು ಸಲೀಸಾಗಿ ತೂರಬೇಕು.

ಪ್ರಶ್ನೆ (ಮೈಸೂರಿನ ಒಬ್ಬ ಅಜ್ಜಿ):

ಡಾಕ್ಟ್ರಮ್ಮ, ನನ್ನ ಮೊಮ್ಮಗಳಿಗೂ ಇದೇ ತೊಂದರೆ, ನಾಲ್ಕು ತಿಂಗಳು. ನಮ್ಮ ಕಾಲದಲ್ಲಿ ಬಜೆ ತೇಯ್ದು ನೆಕ್ಕಿಸುತ್ತಿದ್ದೆವು, ಓಂಕಾಳಿನ ನೀರು ಕುಡಿಸುತ್ತಿದ್ದೆವು. ಸೊಸೆ ಬೇಡ ಅನ್ನುತ್ತಾಳೆ. ರಾಗಿ ಸರಿ ತೆಳ್ಳಗೆ ಮಾಡಿ ಕೊಟ್ಟರೆ ಹೊಟ್ಟೆಯಲ್ಲಿ ನಿಲ್ಲುತ್ತದಲ್ವಾ? ಮತ್ತೆ, ಅಂಗಾತ ಮಲಗಿಸಿದರೆ ಕಕ್ಕಿದ್ದು ಗಂಟಲಿಗೆ ಸಿಕ್ಕಿಕೊಳ್ಳುತ್ತದೆ ಅಂತ ನಾನು ಬೋರಲು ಮಲಗಿಸುತ್ತೇನೆ.

ಉತ್ತರ:

ಅಮ್ಮ, ನೀವು ಕೇಳಿದ್ದು ಒಳ್ಳೆಯದಾಯಿತು. ಸೊಸೆ ಹೇಳುತ್ತಿರುವುದು ಸರಿ ಇದೆ. ಆರು ತಿಂಗಳು ತುಂಬುವವರೆಗೆ ಬರೀ ಎದೆಹಾಲು, ನೀರೂ ಬೇಡ. ಬಜೆ, ಓಂಕಾಳಿನ ನೀರು, ಗ್ರೈಪ್ ವಾಟರ್ ಯಾವುದರಿಂದಲೂ ಕಕ್ಕುವುದು ನಿಲ್ಲುವುದಿಲ್ಲ. ತೇಯುವ ಕಲ್ಲು, ನೀರು ಚೊಕ್ಕಟವಾಗಿಲ್ಲದಿದ್ದರೆ ಭೇದಿ ಬರುತ್ತದೆ. ರಾಗಿ ಸರಿಗೆ ಇನ್ನೆರಡು ತಿಂಗಳು ಕಾಯಿರಿ, ಆಮೇಲೆ ನಿಮ್ಮ ಕೈಯಾರೆ ಮೊಳಕೆ ಕಟ್ಟಿ ಮಾಡಿಕೊಡಿ.

ಬೋರಲು ಮಲಗಿಸುವುದನ್ನು ಮಾತ್ರ ಈವತ್ತಿನಿಂದಲೇ ಬಿಡಿ. ಬೋರಲು ಮಲಗಿದ ಕೂಸುಗಳು ನಿದ್ದೆಯಲ್ಲೇ ತೀರಿಕೊಳ್ಳುವ ಅಪಾಯ ಜಾಸ್ತಿ. ಇದು ಬೇರೆ ಬೇರೆ ದೇಶಗಳಲ್ಲಿ ಮತ್ತೆ ಮತ್ತೆ ಕಂಡುಬಂದ ವಿಷಯ. ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ಆದರೆ ಒಳಗಿನ ರಚನೆ ನೋಡಿ: ಅಂಗಾತ ಮಲಗಿದಾಗ ಉಸಿರಿನ ಕೊಳವೆ ಮೇಲಿರುತ್ತದೆ, ಅನ್ನನಾಳ ಕೆಳಗಿರುತ್ತದೆ. ಕಕ್ಕಿದ ಹಾಲು ಮೇಲಕ್ಕೆ ಹತ್ತಿ ಉಸಿರಿನ ದಾರಿಗೆ ಹೋಗುವುದು ಕಷ್ಟ. ಬೋರಲು ಹಾಕಿದರೆ ತಿರುಗುಮುರುಗು, ಹಾಲು ನೇರ ಉಸಿರಿನ ಕೊಳವೆಯ ಕಡೆಗೇ ಇಳಿಯುತ್ತದೆ. ಹಾಗಾಗಿ ಕಕ್ಕುವ ಮಗುವಿಗೂ ಅಂಗಾತವೇ ಸರಿ, ಸಮತಟ್ಟಾದ ಗಟ್ಟಿ ಹಾಸಿಗೆ, ದಿಂಬಿಲ್ಲದೆ. ಸಾಸಿವೆ ದಿಂಬೂ ಬೇಡ, ಮಂಚದ ತಲೆ ಕಡೆ ಎತ್ತರಿಸುವುದೂ ಬೇಡ. ಸೀರೆಯ ತೊಟ್ಟಿಲಲ್ಲಿ ಮಗು ಮುದುಡಿಕೊಂಡು ಹೊಟ್ಟೆ ಒತ್ತುತ್ತದೆ, ಗಲ್ಲ ಎದೆಗೆ ತಾಗುತ್ತದೆ, ಅದೂ ಒಳ್ಳೆಯದಲ್ಲ. ಎಚ್ಚರವಿದ್ದಾಗ, ನೀವು ಎದುರಿಗೆ ಕೂತಿರುವಾಗ, ಹೊಟ್ಟೆ ಖಾಲಿ ಇರುವಾಗ ಬೋರಲು ಹಾಕಿ ಆಡಿಸಿ. ಕತ್ತು ಗಟ್ಟಿಯಾಗುತ್ತದೆ.

ಪ್ರಶ್ನೆ (ಮೈಸೂರು, ಐದು ವಾರದ ಮಗುವಿನ ತಂದೆ):

ಮೇಡಂ, ನಮ್ಮ ಮಗ ನಾಲ್ಕು ದಿನದಿಂದ ಕಕ್ಕುತ್ತಿಲ್ಲ, ವಾಂತಿ ಮಾಡುತ್ತಿದ್ದಾನೆ. ಎರಡು ಅಡಿ ದೂರ ಚಿಮ್ಮುತ್ತದೆ. ಪ್ರತಿ ಸಲ ಹಾಲು ಕುಡಿದ ಮೇಲೂ. ತಕ್ಷಣ ಮತ್ತೆ ಹಸಿವು ಅಂತ ಅಳುತ್ತಾನೆ. ನಿನ್ನೆಯಿಂದ ಉಚ್ಚೆ ಮೂರೇ ಸಲ. ಇಲ್ಲಿ ಹೇಳಿದ ಹಾಗೆ ನೆಟ್ಟಗೆ ಹಿಡಿದು ನೋಡಲಾ?

ಉತ್ತರ:

ಬೇಡ, ಈಗಲೇ ಹೊರಡಿ. ಬೆಳಗಾಗಲಿ ಅಂತ ಕಾಯಬೇಡಿ. ಚೆಲುವಾಂಬ ಆಸ್ಪತ್ರೆ ಅಥವಾ ಹತ್ತಿರ ಮಕ್ಕಳ ತಜ್ಞರಿರುವ ಯಾವ ಆಸ್ಪತ್ರೆಯಾದರೂ ಸರಿ. ಗಾಡಿ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿ. ಹೊಟ್ಟೆಯಿಂದ ಕರುಳಿಗೆ ಹೋಗುವ ದಾರಿಯ ಸ್ನಾಯು ದಪ್ಪವಾಗಿ ಹಾಲು ಮುಂದೆ ಹೋಗದಿದ್ದರೆ ಹೀಗಾಗುತ್ತದೆ. ಮೂರರಿಂದ ಆರು ವಾರದ ನಡುವೆ, ಅದರಲ್ಲೂ ಗಂಡು ಮಕ್ಕಳಲ್ಲಿ ಜಾಸ್ತಿ. ಸ್ಕ್ಯಾನಿಂಗ್‌ನಲ್ಲಿ ಗೊತ್ತಾಗುತ್ತದೆ. ಅದೇ ಆಗಿದ್ದರೆ ಒಂದು ಆಪರೇಷನ್‌ನಿಂದ ಪೂರ್ತಿ ಗುಣವಾಗುತ್ತದೆ, ಹೆದರಬೇಡಿ. ಎಷ್ಟು ದಿನದಿಂದ, ಉಚ್ಚೆ ಎಷ್ಟು ಸಲ ಅನ್ನುವುದನ್ನು ಇಲ್ಲಿ ಬರೆದ ಹಾಗೇ ಅಲ್ಲೂ ಹೇಳಿ.

ಇದನ್ನು ಓದುತ್ತಿರುವ ಎಲ್ಲರಿಗೂ ಇದೇ ಮಾತು. ವಾಂತಿ ಹಸಿರು ಬಣ್ಣದ್ದಾದರೆ ಕರುಳು ತಿರುಚಿಕೊಂಡಿರಬಹುದು, ಒಂದು ಗಂಟೆಯೂ ತಡ ಮಾಡಬಾರದು. ವಾಂತಿಯಲ್ಲಿ ರಕ್ತ, ಹೊಟ್ಟೆ ಉಬ್ಬಿ ಗಟ್ಟಿಯಾಗುವುದು, ನೆತ್ತಿ ಉಬ್ಬುವುದು, ಮಗು ಮಂಕಾಗಿ ಹಾಲೇ ಕುಡಿಯದಿರುವುದು, ಉಸಿರಾಡಲು ಕಷ್ಟ, ಮೂರು ತಿಂಗಳೊಳಗಿನ ಮಗುವಿಗೆ 100.4 ಡಿಗ್ರಿ ಜ್ವರ, ಇವುಗಳಲ್ಲಿ ಯಾವುದಿದ್ದರೂ ಆಸ್ಪತ್ರೆ. ಮಂಡ್ಯದ ಕಡೆಯವರಿಗೆ ಮಿಮ್ಸ್ ಆಸ್ಪತ್ರೆ ಇದೆ. ತೂಕ ಏರದಿದ್ದರೆ, ಆರು ತಿಂಗಳಾದ ಮೇಲೆ ಹೊಸದಾಗಿ ಶುರುವಾದರೆ, ಆ ವಾರವೇ ತೋರಿಸಿ.

ಪ್ರಶ್ನೆ (ಮಂಡ್ಯದ ಇನ್ನೊಬ್ಬ ತಾಯಿ):

ನಮಗೆ ಒಬ್ಬರು ಡೊಂಪೆರಿಡೋನ್ ಡ್ರಾಪ್ಸ್ ಬರೆದುಕೊಟ್ಟಿದ್ದಾರೆ. ಮೂರು ತಿಂಗಳ ಮಗು, ತೂಕ ಚೆನ್ನಾಗಿದೆ. ಹಾಕಲಾ? ನಾನು ಹಸುವಿನ ಹಾಲು ಬಿಡಬೇಕಾ?

ಉತ್ತರ:

ತೂಕ ಚೆನ್ನಾಗಿದ್ದು, ಮಗು ಆಡಿಕೊಂಡಿದ್ದರೆ ಬರೀ ಕಕ್ಕುವುದಕ್ಕೆ ಔಷಧಿ ಬೇಕಾಗುವುದಿಲ್ಲ. ಡೊಂಪೆರಿಡೋನ್ ಹೃದಯದ ಬಡಿತದ ಮೇಲೆ ಪರಿಣಾಮ ಮಾಡಬಹುದು ಅಂತ ಯುರೋಪಿನಲ್ಲಿ 2014ರಲ್ಲೇ ಅದರ ಬಳಕೆಗೆ ಕಡಿವಾಣ ಹಾಕಿದರು. ಆಮ್ಲ ಕಡಿಮೆ ಮಾಡುವ ಔಷಧಿಗಳನ್ನೂ ಸುಮ್ನೆ ಕೊಟ್ಟರೆ ಸೋಂಕು ತಗಲುವುದು ಹೆಚ್ಚುತ್ತದೆ. ಬರೆದುಕೊಟ್ಟ ಡಾಕ್ಟರ ಹತ್ತಿರವೇ ಹೋಗಿ "ಇದು ಯಾಕೆ ಬೇಕು, ಎಷ್ಟು ದಿನ" ಅಂತ ಕೇಳಿ. ಅವರಿಗೆ ನಾನು ನೋಡದ ಏನಾದರೂ ಕಂಡಿರಬಹುದು.

ಮಲದಲ್ಲಿ ರಕ್ತ ಅಥವಾ ಲೋಳೆ, ಮೈಮೇಲೆ ಬಿಡದ ಕಜ್ಜಿ, ತೂಕ ಏರದಿರುವುದು, ಇವು ಜೊತೆಗಿದ್ದರೆ ಹಸುವಿನ ಹಾಲಿನ ಅಲರ್ಜಿ ಇರಬಹುದು. ಆಗ ಡಾಕ್ಟರನ್ನು ಕೇಳಿ ನೀವು ಎರಡರಿಂದ ನಾಲ್ಕು ವಾರ ಹಾಲು, ಮೊಸರು ಬಿಟ್ಟು ನೋಡಬೇಕು. ಇಲ್ಲದಿದ್ದರೆ ಏನನ್ನೂ ಬಿಡಬೇಡಿ. ಮೊದಲೇ ನಮ್ಮ ಕಡೆ ಬಾಣಂತಿಗೆ ಸೊಪ್ಪು ಬೇಡ, ಹಣ್ಣು ಬೇಡ, ನೀರು ಕಡಿಮೆ ಕುಡಿ ಅಂತ ಪಥ್ಯ ಜಾಸ್ತಿ. ಹೊಟ್ಟೆ ತುಂಬಾ ಊಟ ಮಾಡಿ, ಬಾಯಾರಿದಾಗೆಲ್ಲ ನೀರು ಕುಡಿಯಿರಿ.

ಮರುಪ್ರಶ್ನೆ (ಮದ್ದೂರಿನ ಹತ್ತಿರದ ಮೊದಲ ತಾಯಿ, ಎರಡು ವಾರದ ನಂತರ):

ಮೇಡಂ, ಒರಗಿಕೊಂಡು ಕುಡಿಸಿದ ಮೇಲೆ ಕೆಮ್ಮುವುದು ನಿಂತಿದೆ. ಕಕ್ಕುವುದು ದಿನಕ್ಕೆ ಮೂರು ನಾಲ್ಕು ಸಲಕ್ಕೆ ಇಳಿದಿದೆ. ಮುಂದಿನ ಭಾನುವಾರ ನಾಮಕರಣ. ನೆಂಟರೆಲ್ಲ ಎತ್ತಿಕೊಂಡು ಕುಣಿಸುತ್ತಾರೆ, ನಾಲಿಗೆಗೆ ಜೇನು ಸವರುತ್ತಾರೆ. ಏನು ಮಾಡಲಿ?

ಉತ್ತರ:

ಬಹಳ ಸಂತೋಷ ಆಯ್ತಮ್ಮ. ಜೇನು ಮಾತ್ರ ಬೇಡವೇ ಬೇಡ. ವರ್ಷ ತುಂಬುವವರೆಗೆ ಒಂದು ಹನಿಯೂ ಬೇಡ, ಅದರಲ್ಲಿ ಇರಬಹುದಾದ ಒಂದು ಬ್ಯಾಕ್ಟೀರಿಯಾದಿಂದ ಎಳೆ ಮಕ್ಕಳ ಮೈ ಸೋತು ಹೋಗುವ ಕಾಯಿಲೆ ಬರುತ್ತದೆ. ನಿಮ್ಮವ್ವನಿಗೆ ಈಗಲೇ ಹೇಳಿ, ಅವರೇ ಎಲ್ಲರನ್ನೂ ತಡೆಯುತ್ತಾರೆ. ಶಾಸ್ತ್ರಕ್ಕೆ ಅರ್ಧ ಗಂಟೆ ಮುಂಚೆ ಒಳಗೆ ಕೂತು ನೆಮ್ಮದಿಯಾಗಿ ಕುಡಿಸಿ, ತೇಗು ಬರಿಸಿ, ಆಮೇಲೆ ಆಚೆ ಕರೆದುಕೊಂಡು ಬನ್ನಿ. ರೇಷ್ಮೆ ಸೀರೆ ಉಟ್ಟು ಎತ್ತಿಕೊಳ್ಳುವವರ ಹೆಗಲಿಗೆ ಮೊದಲು ಒಂದು ಹಳೇ ಪಂಚೆ ಬಟ್ಟೆ ಹಾಸಿ, ಆಮೇಲೆ ಮಗುವನ್ನು ಕೊಡಿ.