ಇಂಕಲ್: ಚಿತ್ರ ಸೂಪರ್, ಕಥೆಗೆ ಯಾಕೆ ಇಷ್ಟು ಅವಸರ?

ಮಸಿಕುಡಿಕೆ:
ಜೊಡೊರೊವ್‌ಸ್ಕಿ ಬರೆದು ಮೋಬಿಯಸ್ ಚಿತ್ರ ಬಿಡಿಸಿದ 'ದಿ ಇಂಕಲ್' ಕಾಮಿಕ್ಸ್ ಅರ್ಧ ಓದಿದ್ದೇನೆ. ಚಿತ್ರಗಳ ಬಗ್ಗೆ ಎರಡು ಮಾತಿಲ್ಲ. ಕಥೆ ಮಾತ್ರ ಒಂದು ಕಡೆ ನಿಲ್ಲುವುದಿಲ್ಲ. ಜಾನ್ ಡಿಫೂಲ್ ಅನ್ನೋ ಪುಡಿ ಪತ್ತೇದಾರನ ಕೈಗೆ ಇಂಕಲ್ ಅನ್ನೋ ಅದ್ಭುತ ಶಕ್ತಿಯ ವಸ್ತು ಸಿಗುತ್ತದೆ, ಆಮೇಲೆ ಸರ್ಕಾರ, ಬಂಡುಕೋರರು, ಅನ್ಯಗ್ರಹದವರು, ಯಂತ್ರ ಪೂಜಿಸುವ ಪುರೋಹಿತರು ಎಲ್ಲರೂ ಅವನ ಬೆನ್ನ ಹಿಂದೆ. ಒಬ್ಬ ಯಾರೆಂದು ತಿಳಿಯುವಷ್ಟರಲ್ಲಿ ಇನ್ನೊಬ್ಬ ಹಾಜರ್. ನನಗೊಬ್ಬನಿಗೇ ಹೀಗಾ?

ಹಳೇಪುಟ:
ಬರೆದಿರುವುದೇ ಹಾಗೆ. ಜೊಡೊರೊವ್‌ಸ್ಕಿ ಕಥೆಯನ್ನು ಎದುರು ನಿಂತು ನಟಿಸಿ ಹೇಳುತ್ತಿದ್ದರು, ಮೋಬಿಯಸ್ ಕೇಳುತ್ತಾ ಗೀಚಿಕೊಳ್ಳುತ್ತಿದ್ದರು. ಅದಕ್ಕೂ ಮೊದಲು 1970ರ ದಶಕದಲ್ಲಿ ಇಬ್ಬರೂ 'ಡ್ಯೂನ್' ಸಿನಿಮಾಗೆ ಕೆಲಸ ಮಾಡಿದ್ದರು. ಅದು ನಿಂತುಹೋಯಿತು, ಅಲ್ಲಿ ಹೊಳೆದದ್ದರಲ್ಲಿ ಎಷ್ಟೋ ಇಲ್ಲಿಗೆ ಬಂತು. ಜೊತೆಗೆ 1980ರಲ್ಲಿ ಇದು ಶುರುವಾದದ್ದು 'ಮೆತಾಲ್ ಉರ್ಲಾಂ' ಎಂಬ ಫ್ರೆಂಚ್ ಕಾಮಿಕ್ಸ್ ಪತ್ರಿಕೆಯಲ್ಲಿ, ಧಾರಾವಾಹಿಯಾಗಿ. ಕಂತಿಗೊಂದು ಟ್ವಿಸ್ಟ್ ಬೇಕಲ್ವಾ.

ಗೆರೆಗಾರ್ತಿ:
ಕಥೆ ಹಿಂದೆ ಓಡಬೇಡಿ, ಸುಮ್ನೆ ಚಿತ್ರ ಓದಿ. ಶುರುವಿನಲ್ಲೇ ಡಿಫೂಲ್‌ನನ್ನು ಮೇಲಿಂದ ತಳ್ಳುತ್ತಾರೆ, ಒಂದಿಡೀ ಪುಟದಲ್ಲಿ ಬಾವಿಯಂಥ ಊರು, ಅಂತಸ್ತಿನ ಕೆಳಗೆ ಅಂತಸ್ತು, ತಳದಲ್ಲಿ ಆಸಿಡ್ ಕೆರೆ, ನಡುವೆ ಬೀಳುತ್ತಿರುವ ಚಿಕ್ಕ ಮನುಷ್ಯ. ಯಾರು ಮೇಲೆ, ಯಾರು ಕೆಳಗೆ ಅಂತ ಕಣ್ಣಿಗೇ ಗೊತ್ತಾಗುತ್ತದೆ. ಶ್ರೀಮಂತರಿಗಂತೂ ದೇವರ ಫೋಟೋದಲ್ಲಿರುವ ಹಾಗೆ ತಲೆ ಮೇಲೊಂದು ಪ್ರಭೆ! ಇನ್ನೊಂದು, ಇದೇ ಮೋಬಿಯಸ್ ಜ್ಯಾಂ ಜಿರೋ ಅನ್ನೋ ನಿಜ ಹೆಸರಿನ ಗುರುತಲ್ಲಿ 'ಬ್ಲೂಬೆರಿ' ಎಂಬ ಕೌಬಾಯ್ ಕಾಮಿಕ್ಸ್ ಬಿಡಿಸಿದವರು, ಅಲ್ಲಿ ಬ್ರಷ್ಷಿನ ದಪ್ಪ ನೆರಳು ಜಾಸ್ತಿ. ಇಲ್ಲಿ ಗೆರೆ ತೆಳು, ನೆರಳು ಕಮ್ಮಿ, ಅದಕ್ಕೇ ಚೌಕದೊಳಗೆ ಜನಜಾತ್ರೆ ಇದ್ದರೂ ಗೋಜಲು ಅನಿಸುವುದಿಲ್ಲ.

ಹಳೇಪುಟ:
ಒಪ್ಪಿದೆ, ಆದರೆ ಕೊನೆಯ ಭಾಗಗಳಲ್ಲಿ ಹಿನ್ನೆಲೆ ಬೋಳಾಗುತ್ತಾ ಹೋಗುತ್ತದೆ. 1988ರಲ್ಲಿ ಮುಗಿಯುವ ಹೊತ್ತಿಗೆ ಮೊದಲಿನ ಊರು ಎಲ್ಲಿ, ಈ ಖಾಲಿ ಜಾಗ ಎಲ್ಲಿ. ನನಗದು ಬೇಗ ಮುಗಿಸಿದ ಹಾಗೆ ಕಂಡಿತು.

ಗೆರೆಗಾರ್ತಿ:
ನನಗೆ ಇಷ್ಟ ಆಗಿದ್ದೇ ಅದು. ಕಥೆ ಊರು ಬಿಟ್ಟು ಬ್ರಹ್ಮಾಂಡಕ್ಕೆ ಹೋದ ಮೇಲೆ ಕಿಟಕಿ, ಪೈಪು ಎಣಿಸುತ್ತಾ ಕೂರೋಕೆ ಆಗುತ್ತಾ? ಅಂದ ಹಾಗೆ @ಮಸಿಕುಡಿಕೆ, ನಿಮ್ಮ ಪ್ರತಿ ಯಾವ ಬಣ್ಣದ್ದು? ಮೊದಲ ಭಾಗಕ್ಕೆ ಬಣ್ಣ ಹಾಕಿದ್ದು ಈವ್ ಶಲಾಂ, ಚಪ್ಪಟೆ ಗಾಢ ಬಣ್ಣ. ಆಮೇಲೆ ಕಂಪ್ಯೂಟರಿನಲ್ಲಿ ಮತ್ತೆ ಬಣ್ಣ ಹಾಕಿದ ಆವೃತ್ತಿಯೂ ಬಂತು, ಅದರಲ್ಲಿ ಎಲ್ಲದಕ್ಕೂ ಹೊಳಪು ಬಳಿದು ಗೆರೆಯನ್ನೇ ಮುಚ್ಚಿದ್ದಾರೆ.

ಮಸಿಕುಡಿಕೆ:
ಅಯ್ಯೋ, ನನ್ನದು ಹೊಳೆಯುವುದೇ! ಹಳೇ ಬಣ್ಣದ್ದು ಈಗ ಸಿಗುತ್ತಾ?

ಗೆರೆಗಾರ್ತಿ:
ಸಿಗುತ್ತದೆ, ಮತ್ತೆ ಅಚ್ಚು ಹಾಕಿದ್ದಾರೆ. ಕೊಳ್ಳೋ ಮುಂಚೆ ಒಳಪುಟದ ಫೋಟೋ ಕೇಳಿ.