ಎರಿ ಹೊಲಕ್ಕೆ ಸೋಲಾರ್ ಪಂಪು, ಸೆನ್ಸರ್: ಹಾಕಿದವರು ಸ್ವಲ್ಪ ಹೇಳಿರಿ

ಗದಗ ತಾಲೂಕಿನಲ್ಲಿ ನಮ್ಮದು ಎರಡು ಎಕರೆ ಎರಿ ಹೊಲ, ಅಂದರೆ ಕಪ್ಪು ಮಣ್ಣು. ಕೃಷಿ ಹೊಂಡ ಇದೆ. ಉಳ್ಳಾಗಡ್ಡಿ, ಮೆಣಸಿನಕಾಯಿ ಹಾಕುತ್ತೇವೆ. ಸಣ್ಣ ಸೋಲಾರ್ ಪಂಪು ಕೂಡಿಸಿ, ಮಣ್ಣಿನ ತೇವ ನೋಡಿ ತಾನೇ ನೀರು ಬಿಡುವ ಹಾಗೆ ಮಾಡಬೇಕು ಅಂತಿದ್ದೇನೆ. ಕಡಿಮೆ ದುಡ್ಡಿನಲ್ಲಿ ಆಗುತ್ತಾ?

ನವಲಗುಂದ ಕಡೆಯಿಂದ:
ಅಣ್ಣಾರ, ನಮ್ಮದೂ ಎರಿ ಹೊಲನೇ. ಮೊದಲು ತಂದದ್ದು ಎರಡು ಕಡ್ಡಿಯ ಅಗ್ಗದ ಸೆನ್ಸರ್. ಒಂದೇ ಹಂಗಾಮಿಗೆ ಕಡ್ಡಿ ಸವೆದು ಹೋದವು. ಆಮೇಲೆ ಲೋಹ ಮಣ್ಣಿಗೆ ತಾಗದ ಕೆಪ್ಯಾಸಿಟಿವ್ ಸೆನ್ಸರ್ ತಂದೆ. ಅದು ಕೆಡಲಿಲ್ಲ, ಆದರೆ ಸುಳ್ಳು ಹೇಳಿತು!

ಎರಿ ಮಣ್ಣು ಒಣಗಿದರೆ ಬಿರುಕು ಬಿಡುತ್ತದೆ ಅಲ್ವಾ? ಸೆನ್ಸರ್ ಪಕ್ಕದಲ್ಲೇ ಬಿರುಕು ಬಿತ್ತು, ನಡುವೆ ಗಾಳಿ ಸೇರಿತು. ಅದು ಗಾಳಿಯನ್ನು ಅಳೆದು ಹೊಲ ಒಣಗಿದೆ ಅಂತ ಪಂಪು ಚಾಲು ಮಾಡಿತು. ನೀರು ಬಿರುಕಿನಲ್ಲಿ ಇಳಿದು ಹೋಯಿತು, ಸೆನ್ಸರಿಗೆ ತಾಗಲೇ ಇಲ್ಲ. ಪಂಪು ನಿಲ್ಲಲೂ ಇಲ್ಲ. ನಾವು ಮೂರು ದಿನ ಮದುವೆಗೆ ಹೋಗಿದ್ದೆವು. ಬಂದು ನೋಡಿದರೆ ಹೊಂಡ ಎರಡು ಅಡಿ ಇಳಿದಿದೆ, ಮೆಣಸಿನ ಗಿಡ ಜೋತು ಬಿದ್ದಿವೆ. ಮನೆಯವರು ಇವತ್ತಿಗೂ ಅದನ್ನು ಎತ್ತಿ ಆಡುತ್ತಾರೆ.

ಈಗ ಟೈಮರೇ ಯಜಮಾನ. ಸೆನ್ಸರ್ ಏನೇ ಹೇಳಲಿ, ಹೊಲದ ಒಂದು ಭಾಗಕ್ಕೆ ದಿನಕ್ಕೆ 40 ನಿಮಿಷದ ಮೇಲೆ ಪಂಪು ಓಡುವುದಿಲ್ಲ. ಸೆನ್ಸರನ್ನು ಸುಮ್ನೆ ಚುಚ್ಚಬೇಡಿ. ಕುಣಿ ತೆಗೆದು, ಅದೇ ಮಣ್ಣನ್ನು ರಾಡಿ ಮಾಡಿ ಸುತ್ತ ಒತ್ತಿ ಹೂಳಿರಿ. ಒಂದು ಅರ್ಧ ಅಡಿಗೆ, ಇನ್ನೊಂದು ಒಂದು ಅಡಿಗೆ. ಅದಕ್ಕೂ ಮೊದಲು ನಿಮ್ಮ ಹೊಲದ ಒಣ ಮಣ್ಣು, ಹಸಿ ಮಣ್ಣು ಎರಡರಲ್ಲೂ ಇಟ್ಟು ಅಂಕಿ ಬರೆದುಕೊಳ್ಳಿ. ಜೊತೆಗೆ ಬಂದ ಚೀಟಿಯ ಅಂಕಿ ನಮ್ಮ ಮಣ್ಣಿಗೆ ಹೊಂದಲಿಲ್ಲ.

ರಾಣೆಬೆನ್ನೂರು ಕಡೆಯಿಂದ:
ನಮ್ಮದು ಮಸಾರಿ, ಅಂದರೆ ಕೆಂಪು ಮಣ್ಣು. ಸೆನ್ಸರ್ ಚೆನ್ನಾಗೇ ನಡೆದಿದೆ. ನಾನು ಸೋತದ್ದು ಒತ್ತಡದಲ್ಲಿ. ತೊಟ್ಟಿಯನ್ನು ಆಳೆತ್ತರಕ್ಕೆ ಇಟ್ಟು ಡ್ರಿಪ್ ಬಿಡೋಣ ಅಂದುಕೊಂಡೆ. 10 ಮೀಟರ್ ಎತ್ತರಕ್ಕೆ (ಚದರ ಸೆಂಟಿಮೀಟರಿಗೆ) 1 ಕೆಜಿ ಒತ್ತಡ ಸಿಗುವುದು, ಆಳೆತ್ತರಕ್ಕೆ 0.2 ಕೆಜಿಯೂ ಇಲ್ಲ. ತುದಿಯ ಗಿಡಕ್ಕೆ ಹನಿ ಮುಟ್ಟಲಿಲ್ಲ. ಕರೆಂಟಿನಿಂದ ತೆರೆಯುವ ಸೊಲೆನಾಯ್ಡ್ ವಾಲ್ವ್ ಕೂಡ ಒತ್ತಡ ಇಲ್ಲದೆ ಸರಿಯಾಗಿ ತೆರೆಯಲಿಲ್ಲ. ಈಗ ಪಂಪಿನಿಂದ ನೇರ ಡ್ರಿಪ್ಪಿಗೆ. ಹೊಲ ನಾಲ್ಕು ಭಾಗ, ಬಿಸಿಲು ಏರಿದ ಮೇಲೆ ಒಂದೊಂದಾಗಿ. ಪಂಪು 1 ಎಚ್‌ಪಿ, ಅಂದರೆ 746 ವ್ಯಾಟ್. ಪ್ಯಾನೆಲ್ ಮಾತ್ರ ಅಷ್ಟೇ ತಗೋಬೇಡಿ, ಸಾವಿರ ವ್ಯಾಟ್ ಮೇಲೆ ಇರಲಿ. ಹೊಂಡದ ನೀರಿಗೆ ಫಿಲ್ಟರ್ ಬೇಕೇ ಬೇಕು, ಪಾಚಿ ಕಟ್ಟುತ್ತದೆ.

ಶಿರಹಟ್ಟಿಯಿಂದ:
ಬೋರ್ ಇದ್ದವರು ಪಿಎಂ ಕುಸುಮ್ ಬಿ ನೋಡಿ, ಸೋಲಾರ್ ಪಂಪಿಗೆ ಸರ್ಕಾರ ಸಹಾಯಧನ ಕೊಡುವ ಯೋಜನೆ. 2024ರಲ್ಲಿ ಕೇಂದ್ರದ್ದು ಶೇ. 30, ರಾಜ್ಯದ್ದು ಶೇ. 50, ರೈತರದ್ದು ಶೇ. 20 ಇತ್ತು, ಈಗಿನದನ್ನು ಕೇಳಿಕೊಳ್ಳಿ. ನಿಮಗೆ ಹತ್ತಿರ ಹುಲಕೋಟಿ ಕೃಷಿ ವಿಜ್ಞಾನ ಕೇಂದ್ರ. ಏನೂ ಕೊಳ್ಳುವ ಮೊದಲು ಅಲ್ಲಿ ಮಣ್ಣು, ನೀರಿನ ಬಗ್ಗೆ ಮಾತಾಡಿ.

ಕೇಳಿದವರು:
ಹಾಗಾದರೆ ಈ ಸಲ ಪಂಪು, ಫಿಲ್ಟರ್, ಟೈಮರ್ ಅಷ್ಟೇ. ಒಂದು ಸೆನ್ಸರ್ ಹೂಳುತ್ತೇನೆ, ಆದರೆ ಪಂಪಿಗೆ ಜೋಡಿಸುವುದಿಲ್ಲ, ಬರೀ ಅಂಕಿ ನೋಡುತ್ತೇನೆ. ನವಲಗುಂದದ ಅಕ್ಕಾರ, ನಿಮ್ಮಲ್ಲಿ ಇಲಿ ವೈರ್ ಕಡಿಯಲಿಲ್ಲವೇ?

ನವಲಗುಂದ ಕಡೆಯಿಂದ:
ಕಡಿದವು. ಹಳೇ ಡ್ರಿಪ್ ಪೈಪಿನೊಳಗೆ ವೈರ್ ತೂರಿಸಿದೆ. ಪೈಪನ್ನೂ ಕಡಿದವು. ಈಗ ಕಬ್ಬಿಣದ ಪೈಪು ಹಾಕಿದ್ದೇನೆ.